ಓಡಿಹೋದ ರಾಣಿ ಮತ್ತು ನಿಮ್ಮ ಕಣ್ಣೀರು

ಪ್ರಶ್ನೆ: ನನಗೆ 34 ವರ್ಷ. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಮಗನೊಂದಿಗೆ ಅತ್ತೆ-ಮಾವನ ಮನೆಯಲ್ಲೇ ಇದ್ದೇನೆ. ಈಚೆಗೆ ಮಧ್ಯಯುಗದ ಯುರೋಪಿನ ಕಥೆಯಿರುವ ಕಾದಂಬರಿಯೊಂದನ್ನು ಓದಿದೆ. ತಲೆಮರೆಸಿಕೊಂಡ ವಿಧವೆಯನ್ನು ಹಿಡಿದೊಪ್ಪಿಸಬೇಕಾದ ಸರದಾರನೇ ಎಲ್ಲ ಬಿಟ್ಟು ಅವಳೊಡನೆ ಹೊರಟುಬಿಡುತ್ತಾನೆ. ರಾತ್ರಿಯೆಲ್ಲ ಅಳುತ್ತಲೇ ಇದ್ದೆ. ನನ್ನನ್ನು ಇಷ್ಟಪಡುವ ಸಹೋದ್ಯೋಗಿ ಮನೆಗೆ ಹಿರಿಮಗ. ‘ತಂಗಿ ಮದುವೆ ಆಗಲಿ’ ಎನ್ನುತ್ತಾರೆ. ಅವರಿಗೆ ನನ್ನ ಮೇಲೆ ಪ್ರೀತಿ ಸಾಲದೇ? ನಾನು ಹೀಗೆ ಆಸೆಪಡುವುದೇ ತಪ್ಪೇ?

ಉತ್ತರ: ತಪ್ಪಲ್ಲ. ಆ ಕಣ್ಣೀರಿಗೆ ನಾಚಿಕೊಳ್ಳಲೂಬೇಡಿ. ಇಷ್ಟು ವರ್ಷ ಎಲ್ಲರೆದುರು ಗಟ್ಟಿಯಾಗಿದ್ದವರಿಗೆ ಅಳಲು ಒಂದು ನೆಪ ಬೇಕಾಗುತ್ತದೆ, ನಿಮಗದು ಕಾದಂಬರಿಯಲ್ಲಿ ಸಿಕ್ಕಿತು. ಹೋದವರ ನೆನಪು, ಮತ್ತೆ ಜೊತೆ ಬೇಕೆನ್ನುವ ಆಸೆ ಎರಡೂ ಒಂದೇ ಮನಸ್ಸಿನಲ್ಲಿ ಇರಬಲ್ಲವು. ಬರೆಯಲು ಧೈರ್ಯ ಸಾಲದೆ ಸುಮ್ಮನಿರುವ ಓದುಗರಿಗೂ ಇದನ್ನೇ ಹೇಳುತ್ತೇನೆ.

ನೀವು ಓದಿದಂಥದೇ ಒಂದು ಕಥೆ ನಿಜವಾಗಿ ನಡೆದಿದೆ. ಜುಡಿತ್ ಪಶ್ಚಿಮ ಫ್ರಾಂಕರ ದೊರೆ ಚಾರ್ಲ್ಸ್‌ನ ಮಗಳು. 856ರಲ್ಲಿ, ಇನ್ನೂ ಎಳೆಯ ಹುಡುಗಿಯಾಗಿದ್ದಾಗಲೇ, ಇಂಗ್ಲೆಂಡಿನ ವೆಸೆಕ್ಸ್‌ನ ವಯಸ್ಸಾದ ದೊರೆ ಎಥೆಲ್‌ವುಲ್ಫ್‌ಗೆ ಅವಳನ್ನು ಕೊಟ್ಟರು. 858ರಲ್ಲಿ ಅವನು ಸತ್ತ. ಅವನ ಮಗ ಎಥೆಲ್‌ಬಾಲ್ಡ್ ಅವಳನ್ನು ಮದುವೆಯಾದ; 860ರಲ್ಲಿ ಅವನೂ ಹೋದ. ಇಪ್ಪತ್ತು ತುಂಬುವ ಮೊದಲೇ ಎರಡು ಸಲ ವಿಧವೆ. ಆಸ್ತಿ ಮಾರಿ ತವರಿಗೆ ಮರಳಿದರೆ, ತಂದೆ ಸಾನ್ಲೀಸ್ ಪಟ್ಟಣದಲ್ಲಿ ಅವಳನ್ನು ಕಾವಲಿನಲ್ಲಿಟ್ಟ. ಅಲ್ಲಿಂದ ಅವಳು ಬಾಲ್ಡ್ವಿನ್ ಎಂಬ ಸರದಾರನೊಡನೆ ಪರಾರಿಯಾದಳು. ತಮ್ಮ ಲೂಯಿಯ ಒಪ್ಪಿಗೆಯೂ ಇತ್ತು.

ಕಾದಂಬರಿಯಾಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತೇನೋ. ನನ್ನ ಮನಸ್ಸನ್ನು ಹಿಡಿಯುವುದು ಆಮೇಲಿನದು. ದೊರೆ ಬಿಷಪ್ಪರಿಂದ ಇಬ್ಬರಿಗೂ ಬಹಿಷ್ಕಾರ ಹಾಕಿಸಿದ. ಅವರು ರೋಮಿಗೆ ಹೋಗಿ ಪೋಪ್ ಒಂದನೆಯ ನಿಕೋಲಸ್ ಅವರ ಮೊರೆಹೊಕ್ಕರು. ಪೋಪ್ ದೊರೆಗೆ ಪತ್ರ ಬರೆದು ಅವರ ಪರವಾಗಿ ಕೇಳಿಕೊಂಡರು. ಕೊನೆಗೂ ದೊರೆ ಮಣಿದ. ಒಸೇರ್ ಊರಿನಲ್ಲಿ ಎಲ್ಲರಿಗೂ ತಿಳಿದಂತೆ ಮದುವೆ ನಡೆಯಿತು. ತಂದೆ ಬರಲಿಲ್ಲ. ಆದರೂ ಅಳಿಯನಿಗೆ ಫ್ಲಾಂಡರ್ಸ್‌ನ ಅಧಿಕಾರ ಕೊಟ್ಟ, ಬಾಲ್ಡ್ವಿನ್ ಮತ್ತೆ ಆ ದೊರೆಯ ಸೇವೆಗೇ ನಿಂತ.

ಅವರ ಬಾಳು ನಿಂತದ್ದು ಮನೆಯವರನ್ನು ಒಪ್ಪಿಸಲು ಪಟ್ಟ ಆ ಕಷ್ಟದಿಂದ. ಹಾಗಾಗಿ ನಿಮ್ಮ ಸ್ನೇಹಿತರ ಕರ್ತವ್ಯಪ್ರಜ್ಞೆಯನ್ನು ಪ್ರೀತಿಯ ಕೊರತೆ ಎಂದು ಓದಬೇಡಿ. ತಂಗಿಯ ಬಗ್ಗೆ ಯೋಚಿಸುವವರು ನಾಳೆ ನಿಮ್ಮ ಮಗನ ಬಗ್ಗೆಯೂ ಯೋಚಿಸಿಯಾರು. ಆದರೆ ಕೊನೆಯೇ ಇಲ್ಲದ ಕಾಯುವಿಕೆ ನಿಮಗೆ ಮಾಡುವ ಅನ್ಯಾಯ. ಅದನ್ನು ಒಪ್ಪಬೇಡಿ.

ಸಮಾಧಾನವಾಗಿ ಕೂತು ಅವರನ್ನು ಕೇಳಿ: ಎಷ್ಟು ದಿನ? ತಂಗಿಯ ಮದುವೆ ತಡವಾದರೆ? ಅಲ್ಲಿಯವರೆಗೆ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ವಿಷಯ ಹೇಳುತ್ತೀರಾ? ಆ ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ನಿಮಗೆ ಬಹಳಷ್ಟು ತಿಳಿಸುತ್ತದೆ. ಜುಡಿತ್‌ಗೆ ತಮ್ಮನಿದ್ದಂತೆ ನಿಮ್ಮ ಕಡೆಯಲ್ಲೂ ಒಬ್ಬರನ್ನು ಹುಡುಕಿಕೊಳ್ಳಿ; ಅಕ್ಕನೋ, ಸೋದರಮಾವನೋ. ಅತ್ತೆಯೇ ಆಗಬಾರದೆಂದೇನಿಲ್ಲ. ಮಗನಿಗೆ ಮಾತ್ರ ಬೇರೆಯವರ ಬಾಯಿಂದ ತಿಳಿಯದಿರಲಿ.

ನಿಮಗೆ ಪೋಪ್ ಅನುಮತಿ ಬೇಕಿಲ್ಲ. ನಮ್ಮಲ್ಲಿ ವಿಧವೆಯರ ಮರುಮದುವೆಗೆ 1856ರಲ್ಲೇ ಕಾನೂನಿನ ಮನ್ನಣೆ ಸಿಕ್ಕಿದೆ. ಮರುಮದುವೆಯಿಂದ ಪಿಂಚಣಿ, ಆಸ್ತಿಯ ವಿಚಾರದಲ್ಲಿ ಏನಾಗುತ್ತದೆಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮೊದಲೇ ವಿಚಾರಿಸಿ. ಹೆಂಗಸರಿಗೆ ಅಲ್ಲಿ ಉಚಿತ ನೆರವಿದೆ. ಮನೆಯಲ್ಲಿ ಬೆದರಿಕೆ ಬಂದರೆ ಮಹಿಳಾ ಸಹಾಯವಾಣಿ 181. ಅಳು ನಿಲ್ಲದೆ ನಿದ್ದೆ, ಊಟ ಕೆಡುತ್ತಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಸ್ನೇಹಿತರೊಡನೆ ಮಾತಾಡಿದ ಮೇಲೆ ಏನಾಯಿತೆಂದು ನನಗೂ ಬರೆಯಿರಿ.