ತೇರಿನ ರಾತ್ರಿಯ ಸೌಂಡ್ ಬಾಕ್ಸೂ ನಮ್ಮ ಕಿವಿಯೂ

ವಿದ್ಯಾರ್ಥಿಗಳೇ, ಹೊಸೂರಿನ ಚಂದ್ರಚೂಡೇಶ್ವರ ತೇರಿಗೆ ನಿಮ್ಮಲ್ಲಿ ಎಷ್ಟೋ ಜನ ಹೋಗಿರುತ್ತೀರಿ. ನಮ್ಮ ತಳಿ ಸುತ್ತಿನ ಊರಹಬ್ಬಗಳಲ್ಲೂ ಈಗ ತಮಟೆಯ ಜೊತೆಗೆ ಆರ್ಕೆಸ್ಟ್ರಾ, ಆಳೆತ್ತರದ ಸೌಂಡ್ ಬಾಕ್ಸ್ ಬಂದಿವೆ. ಬಾಕ್ಸಿನ ಮುಂದೆ ಕುಣಿದು ಮನೆಗೆ ಬಂದು ಮಲಗಿದರೆ ಕಿವಿಯಲ್ಲಿ ‘ಗುಂಯ್’ ಅಂತಿರುತ್ತದೆ, ಅಮ್ಮ ಕರೆದದ್ದು ಎಲ್ಲೋ ದೂರದಿಂದ ಕೇಳಿದ ಹಾಗಿರುತ್ತದೆ. ಬೆಳಿಗ್ಗೆ ಸರಿಹೋಯಿತಲ್ಲ ಅಂತ ಮರೆತುಬಿಡುತ್ತೀರಿ. ಆ ರಾತ್ರಿ ಕಿವಿಯೊಳಗೆ ಏನು ನಡೆಯಿತು?

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಶಬ್ದ ಬಂದಾಗ ಒಳಗಿನ ದ್ರವ ಅಲುಗಿ ರೋಮಗಳು ಬಾಗುತ್ತವೆ, ನರಕ್ಕೆ ಸಂಕೇತ ಹೋಗುತ್ತದೆ. ರಾಗಿ ಹೊಲವನ್ನು ನೆನೆಸಿಕೊಳ್ಳಿ. ಸಣ್ಣ ಗಾಳಿಗೆ ಪೈರು ಬಾಗಿ ಏಳುತ್ತದೆ, ಬಿರುಗಾಳಿಗೆ ಮಲಗಿಬಿಡುತ್ತದೆ. ದಣಿದ ರೋಮಕೋಶ ಚೇತರಿಸಿಕೊಳ್ಳಬಹುದು, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತದೆ, ನಮಗಿಲ್ಲ! ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು 4,000 ಹರ್ಟ್ಸ್ ಸುತ್ತಿನ ಕೀಚಲು ಶಬ್ದಗಳಿಗೆ. ಆದ್ದರಿಂದ ಬಹಳ ದಿನ ಗೊತ್ತೇ ಆಗುವುದಿಲ್ಲ. ಆಮೇಲೆ ಮಾತು ಕೇಳುತ್ತದೆ, ಏನಂದರು ಅಂತ ತಿಳಿಯುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ಕೆಲಸಗಾರರಿಗೆ ದಿನಕ್ಕೆ 85 ಡೆಸಿಬೆಲ್ ಶಬ್ದದಲ್ಲಿ 8 ಗಂಟೆ ಮಿತಿ ಎನ್ನುತ್ತದೆ ಅಮೆರಿಕದ ನಿಯೋಶ್ ಸಂಸ್ಥೆ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ, ಆದ್ದರಿಂದ ಸಮಯ ಅರ್ಧಕ್ಕೆ ಇಳಿಯಬೇಕು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಮುಂದುವರಿಸಿ ನೋಡಿ, 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಅಂದರೆ ಮೂರು ನಾಲ್ಕು ಹಾಡು, ಅಷ್ಟೇ.

ಹಾಗಂತ ಹಬ್ಬಕ್ಕೇ ಹೋಗಬೇಡಿ ಅನ್ನುತ್ತಿಲ್ಲ. ಭೌತಶಾಸ್ತ್ರ ನಿಮ್ಮ ಕಡೆಗಿದೆ. ಬಯಲಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ. ಬಾಕ್ಸಿನಿಂದ 2 ಮೀಟರಿಗೆ 100 ಇದ್ದರೆ 4 ಮೀಟರಿಗೆ 94, 8 ಮೀಟರಿಗೆ 88. ಆರು ಮೀಟರ್ ಹಿಂದೆ ಸರಿದದ್ದಕ್ಕೆ 15 ನಿಮಿಷ 4 ಗಂಟೆಯಾಯಿತು! (ಇಕ್ಕಟ್ಟಾದ ಬೀದಿಯಲ್ಲಿ ಗೋಡೆಗಳು ಪ್ರತಿಫಲಿಸುವುದರಿಂದ ಇಷ್ಟು ಇಳಿಯದು.) ಅಳತೆಯ ಯಂತ್ರ ಬೇಕಿಲ್ಲ. ಕೈಚಾಚಿದಷ್ಟು ದೂರದಲ್ಲಿರುವ ಗೆಳೆಯನ ಹತ್ತಿರ ಕಿರುಚಿ ಮಾತಾಡಬೇಕಾದರೆ ಅದು ಜಾಸ್ತಿಯೇ.

ಹತ್ತಿ ತುರುಕಿದರೆ ಹೆಚ್ಚು ಪ್ರಯೋಜನವಿಲ್ಲ. ಹೊಸೂರು ಸಿಪ್ಕಾಟ್ ಕಾರ್ಖಾನೆಗೆ ಹೋಗುವ ಅಪ್ಪನನ್ನೋ ಮಾವನನ್ನೋ ಕೇಳಿ, ಫೋಮ್ ಇಯರ್‌ಪ್ಲಗ್ ತೋರಿಸುತ್ತಾರೆ. ಅದನ್ನು ಬೆರಳಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಾಕಿಕೊಂಡು, ಉಬ್ಬುವವರೆಗೆ ಹಿಡಿದಿರಬೇಕು. ಅಕ್ಕನ ಕೈಗೂಸನ್ನಂತೂ ಬಾಕ್ಸಿನ ಹತ್ತಿರ ಒಯ್ಯಲೇಬೇಡಿ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು. ನಮ್ಮೂರಲ್ಲಿ ಇದು ಎಷ್ಟು ನಡೆಯುತ್ತದೆ ಅಂತ ನಿಮಗೇ ಗೊತ್ತು.

‘ಗುಂಯ್’ ಒಂದೆರಡು ದಿನವಾದರೂ ನಿಲ್ಲದಿದ್ದರೆ ಕಿವಿ ಡಾಕ್ಟರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಅದೇ ದಿನ ಹೋಗಬೇಕು, ತಡವಾದಷ್ಟೂ ಚಿಕಿತ್ಸೆ ಫಲಿಸುವುದು ಕಡಿಮೆ. ಅಜ್ಜಿ ಬಿಸಿ ಎಣ್ಣೆ ಬಿಡಲು ಬಂದರೆ ಬೇಡ ಅನ್ನಿ, ಕಾಕ್ಲಿಯಾ ಇರುವುದು ತಮಟೆಯ ಪರದೆಯ ಆಚೆ, ಎಣ್ಣೆ ಅಲ್ಲಿಗೆ ತಲುಪುವುದಿಲ್ಲ.