ನೀಲಿ ಬಾವುಟದ ತೀರಕ್ಕೆ ಹೊರಟವರಿಗೆ

ರಜೆಗೆ ಪಡುಬಿದ್ರಿಗೋ ಹೊನ್ನಾವರದ ಕಾಸರಕೋಡಿಗೋ ಹೋಗುವ ಯೋಚನೆಯಿದ್ದರೆ ಖಂಡಿತ ಹೋಗಿಬನ್ನಿ ಮಕ್ಕಳೇ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ ಮೊದಲ ಬಾರಿ 'ಬ್ಲೂ ಫ್ಲ್ಯಾಗ್', ಅಂದರೆ ನೀಲಿ ಬಾವುಟದ ಮಾನ್ಯತೆ ಸಿಕ್ಕಾಗ, ಅದರಲ್ಲಿ ಈ ಎರಡೂ ಇದ್ದವು. ನೀರಿನ ಶುದ್ಧತೆ, ಕಸ ವಿಲೇವಾರಿ, ಶೌಚಾಲಯ, ಜೀವರಕ್ಷಕರು, ಪರಿಸರದ ಅರಿವು ಎಂದು ಒಟ್ಟು 33 ಮಾನದಂಡಗಳಿವೆ. ಒಮ್ಮೆ ಪಾಸಾದರೆ ಮುಗಿಯಲಿಲ್ಲ, ವರ್ಷ ವರ್ಷವೂ ಮಾನ್ಯತೆ ನವೀಕರಿಸಬೇಕು.

ಹೋದೊಡನೆ ಅಲ್ಲಿನ ಫಲಕ ಓದಿ. ನೀರಿನ ತಪಾಸಣೆಯ ಫಲಿತಾಂಶವನ್ನು ಜನರಿಗೆ ಕಾಣುವಂತೆ ಹಾಕಬೇಕೆಂಬುದೂ ನಿಯಮವೇ. ಕೊಳಚೆ ಸೇರಿದೆಯೇ ಎಂದು ತಿಳಿಯಲು ನೀರಿನಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ ಎಷ್ಟಿದೆಯೆಂದು ನೋಡುತ್ತಾರೆ. ಫಲಕ ಹಳೆಯದಾಗಿದ್ದರೆ ಸಿಬ್ಬಂದಿಯನ್ನು ಕೇಳಿ, ಸಂಕೋಚ ಬೇಡ. ಅಂದಹಾಗೆ, ದಡಕ್ಕೆ ಬಂದು ಬಿದ್ದ ಕಡಲಪಾಚಿ ಕಸವಲ್ಲ. ತೊಂದರೆಯಾಗದಿದ್ದರೆ ಅದನ್ನು ಅಲ್ಲೇ ಬಿಡಬೇಕು.

ನನ್ನ ಚಿಂತೆ ಬೇರೆ. ನೀಲಿ ಬಾವುಟ ತೀರದ ವ್ಯವಸ್ಥೆಗೆ ಸಿಕ್ಕ ಮಾನ್ಯತೆ, ಕಡಲು ಇವತ್ತು ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಜೀವರಕ್ಷಕರು ನೆಡುವ ಬಾವುಟಗಳು. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಮಾತ್ರ ಈಜುವವರಿಗೆ. ಬರೀ ಕೆಂಪು ಕಂಡರೆ ನೀರಿಗೆ ಇಳಿಯಲೇ ಬೇಡಿ. ಎರಡೂ ಕಡೆ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಕದಡಿದಂತೆ ಕಂಡರೆ ಅಲ್ಲಿ ಹುಷಾರು. ಅದು ಮಕ್ಕಳಾಟಕ್ಕೆ ಹೇಳಿ ಮಾಡಿಸಿದ ಜಾಗದ ಹಾಗೆ ಕಾಣುತ್ತದೆ. ಆದರೆ ದಡಕ್ಕೆ ನುಗ್ಗಿದ ನೀರು ವಾಪಸು ಕಡಲಿಗೆ ಓಡುವ ದಾರಿಯೂ ಅದೇ ಆಗಿರುತ್ತದೆ. ಸೆಳೆತಕ್ಕೆ ಸಿಕ್ಕರೆ ನೇರ ದಡದ ಕಡೆಗೆ ಈಜಿ ದಣಿಯಬೇಡಿ. ತೇಲುತ್ತಾ ಕೈಬೀಸಿ, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಗೆಳೆಯ ಮುಳುಗುತ್ತಿದ್ದರೆ ಒಬ್ಬರ ಹಿಂದೊಬ್ಬರು ಧುಮುಕಬೇಡಿ. ಜೀವರಕ್ಷಕರನ್ನು ಕೂಗಿ, ಮುಚ್ಚಳ ಬಿಗಿದ ಖಾಲಿ ಕ್ಯಾನಾದರೂ ಸರಿ, ತೇಲುವ ವಸ್ತುವನ್ನು ಎಸೆಯಿರಿ.

ಮಳೆಗಾಲದಲ್ಲಿ ಕಡಲನ್ನು ದಡದಿಂದಲೇ ನೋಡಿ. ಉಳಿದ ದಿನಗಳಲ್ಲಿ, ಚಪ್ಪಲಿ ಬಿಡುವ ಮುನ್ನ ಜೀವರಕ್ಷಕರ ಬಳಿ ಹೋಗಿ, "ಇವತ್ತು ಎಲ್ಲಿ ಇಳಿಯಬಹುದು ಅಣ್ಣಾ?" ಎಂದು ಕೇಳಿ. ಅವರು ಬೇಡವೆಂದರೆ ವಾದಿಸಬೇಡಿ.