ಬೇಳೆ ಇರಲಿ, ಗ್ರೀನ್ ಟೀ ಬೇಡ

ಪ್ರಶ್ನೆ: ತಂದೆಗೆ 64 ವರ್ಷ, ಮಲ್ಟಿಪಲ್ ಮೈಲೋಮಾ. ವಾರಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಬೋರ್ಟೆಜೋಮಿಬ್ ಇಂಜೆಕ್ಷನ್ ಕೊಡುತ್ತಾರೆ. ಜೀವಕೋಶದ ಕಸ ವಿಲೇವಾರಿಯನ್ನೇ ಇದು ನಿಲ್ಲಿಸುತ್ತದಂತೆ. ಕಸ ತುಂಬಿದರೆ ಅಪಾಯವಲ್ಲವೇ? ರಕ್ತದಲ್ಲಿ ಪ್ರೋಟೀನ್ ಹೆಚ್ಚಿದೆ ಎಂದು ಮನೆಯಲ್ಲಿ ಬೇಳೆ, ಮೊಟ್ಟೆ ನಿಲ್ಲಿಸಿ ಗ್ರೀನ್ ಟೀ ಶುರು ಮಾಡಿದ್ದಾರೆ. ಇದು ಸರಿಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಪಾಯವೇ. ಆ ಅಪಾಯಕ್ಕೆ ಕ್ಯಾನ್ಸರ್ ಕೋಶವನ್ನು ಒಡ್ಡುವುದೇ ಈ ಚಿಕಿತ್ಸೆ.

ಕೋಶದೊಳಗೆ ಪ್ರೋಟೀನುಗಳು ಸದಾ ತಯಾರಾಗುತ್ತಿರುತ್ತವೆ, ಸದಾ ಒಡೆಯುತ್ತಲೂ ಇರುತ್ತವೆ. ಆಕಾರ ಕೆಟ್ಟವು, ಕೆಲಸ ಮುಗಿಸಿದವು ಇವುಗಳಿಗೆ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಸಾಲಾಗಿ ಅಂಟಿಕೊಳ್ಳುತ್ತದೆ. ಆ ಗುರುತು ಬಿದ್ದದ್ದನ್ನು ಪ್ರೋಟಿಯಾಸೋಮ್ ಎಂಬ ಟೊಳ್ಳು ರಚನೆ ಒಳಗೆಳೆದು ತುಂಡರಿಸುತ್ತದೆ. ಅಮೈನೋ ಆಮ್ಲಗಳು ಮರುಬಳಕೆಯಾಗುತ್ತವೆ. ಸೀಳುವ ಕ್ರಿಯೆಗೆ ಸ್ವತಃ ಶಕ್ತಿ ಬೇಕಿಲ್ಲ, ಆದರೂ ಕೋಶ ಇದಕ್ಕೆ ಶಕ್ತಿ ಸುರಿಯುತ್ತದೆ. ಯಾಕೆ? ಮೊಲದ ಎಳೆಯ ಕೆಂಪು ರಕ್ತಕಣಗಳ ಮೇಲೆ ನಡೆದ ಪ್ರಯೋಗಗಳು ಗುಟ್ಟು ಬಿಡಿಸಿದವು: ಖರ್ಚಿರುವುದು ಸರಿಯಾದದ್ದನ್ನು ಆರಿಸಿ ಗುರುತು ಹಾಕಲು, ಬಿಚ್ಚಿ ಒಳಗೆಳೆಯಲು. ಇಸ್ರೇಲಿನ ಅವ್ರಾಮ್ ಹರ್ಶ್ಕೊ, ಆರನ್ ಸಿಯೆಖಾನೋವರ್ ಮತ್ತು ಅಮೆರಿಕದ ಇರ್ವಿನ್ ರೋಸ್ ಯುಬಿಕ್ವಿಟಿನ್ ಸಂಶೋಧನೆಗೆ 2004ರ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಮೈಲೋಮಾ ಎಂದರೆ ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಪ್ರತಿಕಾಯ ತಯಾರಿಯೇ ಅವುಗಳ ಕಸುಬು. ತಯಾರಿ ವಿಪರೀತವಾದಾಗ ಕೆಟ್ಟ ಪ್ರೋಟೀನೂ ವಿಪರೀತ. 2003ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಬೋರ್ಟೆಜೋಮಿಬ್‌ನಲ್ಲಿರುವ ಬೋರಾನ್, ಪ್ರೋಟಿಯಾಸೋಮಿನ ಕತ್ತರಿಸುವ ಜಾಗಕ್ಕೇ ಅಂಟಿ ಕೂರುತ್ತದೆ. ಒಳಗೆ ರಾಶಿ ಬಿದ್ದ ಪ್ರೋಟೀನನ್ನು ತಾಳಲಾರದೆ ಕೋಶ ಸಾಯುತ್ತದೆ.

ಆರೋಗ್ಯವಂತ ಕೋಶಗಳಿಗೂ ಬಿಸಿ ತಟ್ಟದೆ ಇರದು, ಆದರೆ ಔಷಧದ ಹಿಡಿತ ಶಾಶ್ವತವಲ್ಲ, ಅವು ಚೇತರಿಸಿಕೊಳ್ಳುತ್ತವೆ. ನರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪಾದ ಉರಿ, ಜೋಮು, ಗುಂಡಿ ಹಾಕಲು ತಡವರಿಕೆ ಕಂಡರೆ ಮುಂದಿನ ಇಂಜೆಕ್ಷನ್‌ಗೆ ಮೊದಲೇ ವೈದ್ಯರಿಗೆ ತಿಳಿಸಬೇಕು, ಡೋಸ್ ಇಳಿಸಬಹುದು. ಸರ್ಪಸುತ್ತು ತಡೆಯಲು ಕೊಟ್ಟ ಮಾತ್ರೆಯನ್ನು ‘ಈಗ ಹುಣ್ಣಿಲ್ಲವಲ್ಲ’ ಎಂದು ನಿಲ್ಲಿಸುವವರಿದ್ದಾರೆ. ನಿಲ್ಲಿಸಬಾರದು.

ಇನ್ನು ಗ್ರೀನ್ ಟೀ. ಒಳ್ಳೆಯದೆಂದೇ ಎಲ್ಲರೂ ಹೇಳುವ ಅದರ ಒಂದು ರಾಸಾಯನಿಕ, ಔಷಧದ ಬೋರಾನ್‌ಗೆ ಅಂಟಿ ಅದನ್ನು ನಿಷ್ಪ್ರಯೋಜಕ ಮಾಡುವುದು 2009ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಇಲಿಗಳಲ್ಲೂ, ಕಂಡುಬಂದಿದೆ. ಚಿಕಿತ್ಸೆ ಮುಗಿಯುವವರೆಗೆ ಬೇಡ. ವಿಟಮಿನ್ ಸಿ ಮಾತ್ರೆಯನ್ನೂ ಕೇಳದೆ ನುಂಗುವಂತಿಲ್ಲ. ಸಾರಿಗೆ ಹಿಂಡಿದ ನಿಂಬೆಹಣ್ಣಿನ ಚಿಂತೆ ಬೇಡ.

ಬೇಳೆ, ಮೊಟ್ಟೆ ಬಿಟ್ಟದ್ದು ತಪ್ಪು ಲೆಕ್ಕ. ರಕ್ತದಲ್ಲಿ ಹೆಚ್ಚಿರುವುದು ಕ್ಯಾನ್ಸರ್ ಕೋಶಗಳು ಹೊರಬಿಟ್ಟ ಪ್ರತಿಕಾಯವೇ ಹೊರತು ತಟ್ಟೆಯಿಂದ ಬಂದದ್ದಲ್ಲ. ಊಟದ ಪ್ರೋಟೀನ್ ಕಡಿತ ಮಾಡಿದರೆ ಸೊರಗುವುದು ರೋಗಿಯ ಸ್ನಾಯುಗಳು. ಮೈಲೋಮಾ ಮೂತ್ರಪಿಂಡಕ್ಕೂ ಪೆಟ್ಟು ಕೊಡುವುದುಂಟು. ಕ್ರಿಯಾಟಿನಿನ್ ಏರಿದ್ದರೆ ಎಷ್ಟು ತಿನ್ನಬೇಕೆಂಬುದನ್ನು ಮೂತ್ರಪಿಂಡ ತಜ್ಞರೇ ಹೇಳಬೇಕು.